ರಾಜಾಸೀಟ್ ಚೆಂದವೇ, ಆದರೆ ದಿನಾ ನಡೆಯಲು ಎಲ್ಲಿಗೆ ಹೋಗಲಿ?

ಪ್ರಶ್ನೆ: ನನಗೆ 58 ವರ್ಷ, ಮನೆ ಮಡಿಕೇರಿ ಪೇಟೆಯಲ್ಲೇ. ಶುಗರ್ ಇದೆ, ಮೊಣಕಾಲು ನೋವೂ ಇದೆ. ದಿನಾ ನಡೆಯಿರಿ ಅಂತ ಡಾಕ್ಟ್ರು ಹೇಳಿದ್ದಾರೆ. ರಸ್ತೆಯೆಲ್ಲ ಏರು-ತಗ್ಗು, ವಾಹನಗಳ ಕಾಟ. ರಾಜಾಸೀಟಿನಲ್ಲಿ ಪ್ರವಾಸಿಗರ ಗುಂಪು. ಮಳೆಗಾಲದಲ್ಲಂತೂ ನಡಿಗೆ ನಿಂತೇ ಹೋಗುತ್ತದೆ. ಏನು ಮಾಡಲಿ?

ಉತ್ತರ: ನೋಡಲು ಚೆಂದದ ಜಾಗ ಬೇರೆ, ದಿನಾ ನಡೆಯಲು ಆಗುವ ಜಾಗ ಬೇರೆ. ನಿಮಗೆ ಬೇಕಿರುವುದು ಎರಡನೆಯದು. ಮನೆಗೆ ಹತ್ತಿರ ಇರಬೇಕು, ನೆಲ ಸಮ ಇರಬೇಕು, ಸುಸ್ತಾದರೆ ಕೂರಲು ಬೆಂಚು ಬೇಕು. ಶುಗರ್ ಇರುವವರಿಗೆ ಶೌಚಾಲಯವೂ ಅಷ್ಟೇ ಮುಖ್ಯ. ಅದಿಲ್ಲ ಅಂತಲೇ ಎಷ್ಟೋ ಹೆಂಗಸರು ಮನೆಯಿಂದ ಹೊರಡುವುದೇ ಇಲ್ಲ.

ಗಾಂಧಿ ಮೈದಾನ ಅಥವಾ ಜನರಲ್ ತಿಮ್ಮಯ್ಯ ಕ್ರೀಡಾಂಗಣ ಹತ್ತಿರವಿದ್ದರೆ, ಆಟ, ಕಾರ್ಯಕ್ರಮ ಇಲ್ಲದ ಬೆಳಿಗ್ಗೆ ಅಂಚಿನಲ್ಲೇ ಸುತ್ತು ಹಾಕಿ. ರಾಜಾಸೀಟ್ ಬಿಡಬೇಕಾಗಿಲ್ಲ, ಜನ ಕಡಿಮೆ ಇರುವ ದಿನಕ್ಕೆ ಇಟ್ಟುಕೊಳ್ಳಿ.

ನಮ್ಮೂರಿನ ಏರನ್ನು ಶತ್ರು ಅಂದುಕೊಳ್ಳಬೇಡಿ. ಹತ್ತುವಾಗ ಎದೆಗೆ, ಶ್ವಾಸಕೋಶಕ್ಕೆ ಒಳ್ಳೆಯ ಕೆಲಸ ಸಿಗುತ್ತದೆ. ಮೊಣಕಾಲಿಗೆ ಜಾಸ್ತಿ ಪೆಟ್ಟು ಬೀಳುವುದು ಇಳಿಯುವಾಗ. ಹಾಗಾಗಿ ನಿಧಾನವಾಗಿ ನಡೆದು ಹತ್ತಿ, ಇಳಿಯಲು ಆಟೋ ಹಿಡಿಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಅನ್ನುತ್ತದೆ. ಒಂದೇ ಸಲ ಆಗಬೇಕೆಂದಿಲ್ಲ. ಊಟವಾದ ಮೇಲೆ 10 ನಿಮಿಷ ನಡೆದರೂ ಶುಗರ್ ಏರುವುದು ತಗ್ಗುತ್ತದೆ. ಆದರೆ ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡಬೇಡಿ, ನಡಿಗೆಯಿಂದ ಬಂದ ಲಾಭ ಒಂದೆರಡು ದಿನದಲ್ಲೇ ಕರಗಲು ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುವ ನಮ್ಮಲ್ಲಿ ನನಗೆ ಚಿಂತೆ ಇರುವುದು ಇದರದ್ದೇ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಕೊಡೆ ಹಿಡಿದು ನಡೆಯುವುದು ಈ ವಯಸ್ಸಿನಲ್ಲಿ ಬೇಡವೇ ಬೇಡ. ಜೋರು ಮಳೆಯ ದಿನ ಮನೆಯ ಜಗಲಿಯಲ್ಲೇ ಓಡಾಡಿ. ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿ, ತೊಡೆ ಗಟ್ಟಿಯಾದರೆ ಮೊಣಕಾಲಿಗೂ ಆರಾಮ.

ಇನ್ನೊಂದು ಮಾತು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಊರಿಗೆ ಮಾಡು ಇರುವ ನಡಿಗೆ ದಾರಿ ಬೇಕೇ ಬೇಕು, ಅಲ್ವಾ? ಹೂವಿನ ಗಿಡ, ಸೆಲ್ಫಿ ಜಾಗಕ್ಕಿಂತ ಮೊದಲು ಅದು ಆಗಲಿ. ಅಕ್ಕಪಕ್ಕದ ನಾಲ್ಕು ಜನ ಸೇರಿ ನಗರಸಭೆಗೆ ಬರೆದು ಕೊಡಿ. ಬೆಂಚು, ದೀಪ, ಶೌಚಾಲಯವನ್ನೂ ಅದರಲ್ಲೇ ಕೇಳಿ.

ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಜೇಬಿನಲ್ಲಿ ನಾಲ್ಕು ಚಾಕಲೇಟ್ ಬದಲು ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇರಲಿ. ಶುಗರ್ ಇಳಿದಾಗ ಅದು ಬೇಗ ಕೆಲಸ ಮಾಡುತ್ತದೆ.