ಪ್ರಕರಣ: ಕುಸ್ತಿ ಎಂದು ಬೋರ್ಡು ಹಾಕಿ, ರೆಸ್ಲಿಂಗ್ ತೋರಿಸಿದ ಯುವಕ

(ಗುರುತು ಸಿಗಬಾರದೆಂದು ಊರು, ವಯಸ್ಸು, ಹಣದ ಮೊತ್ತ ಬದಲಿಸಿದ್ದೇನೆ. ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ.)

ಮಂಡ್ಯ ಕಡೆಯ, ಮೂವತ್ತರ ಆಸುಪಾಸಿನ ಯುವಕ. ನಿದ್ದೆ ಹತ್ತುವುದಿಲ್ಲ, ಮನೆಯಲ್ಲಿ ಮಾತಿಗೆ ಮುಂಚೆ ರೇಗುತ್ತಾನೆ ಎಂದು ಹೆಂಡತಿಯೇ ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದಿದ್ದರು. ಕಸುಬು ಕೇಳಿದಾಗ "ರೆಸ್ಲಿಂಗ್ ಪ್ರಮೋಟರ್" ಎಂದು ಹೇಳಿ, ನಾನು ನಗುತ್ತೇನೇನೋ ಎಂದು ಮುಖ ನೋಡಿದ. ಅಂದರೆ, ಸೋಲು ಗೆಲುವು ಮೊದಲೇ ಗೊತ್ತುಮಾಡಿಕೊಂಡು ಆಡುವ, ಟಿ.ವಿ.ಯಲ್ಲಿ ಬರುವಂಥ ರೆಸ್ಲಿಂಗ್ ಶೋ ನಡೆಸುವವನು. ಅಷ್ಟರಲ್ಲೇ ಗೊತ್ತಾಯಿತು, ಈ ಮಾತಿಗೆ ಎಷ್ಟು ಜನ ನಕ್ಕಿರಬೇಕು ಎಂದು.

ಅಪ್ಪ ಮೈಸೂರಿನ ಗರಡಿಯಲ್ಲಿ ಮಟ್ಟಿ ಮೆತ್ತಿಕೊಂಡು ಬೆಳೆದವರು. ಪ್ರಾಯದಲ್ಲಿ ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಂಡು ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಳಿದಿದ್ದವರು. ಮಗನೂ ಗರಡಿಯಲ್ಲಿ ದಂಡ, ಬಸ್ಕಿ ಹೊಡೆದವನೇ. ಆದರೆ ಅವನ ಕಣ್ಣು ಟಿ.ವಿ. ಮೇಲೆ. 2007ರಲ್ಲಿ ನಮ್ಮ ದೇಶದ ಗ್ರೇಟ್ ಖಲಿ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಇಯ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದಾಗ ಇವನು ಸ್ಕೂಲು ಹುಡುಗ. ಅವತ್ತೇ ನಿರ್ಧಾರ ಮಾಡಿದ್ದನಂತೆ. ಮುಂದೆ ಉತ್ತರ ಭಾರತದ ಒಂದು ತರಬೇತಿ ಶಾಲೆಯಲ್ಲಿ ಕಲಿತು ಬಂದು, ವೆಲ್ಡಿಂಗ್ ಶಾಪಿನಲ್ಲಿ ಸ್ವಂತ ರಿಂಗ್ ಮಾಡಿಸಿ, ಹತ್ತಾರು ಹುಡುಗರನ್ನು ಸೇರಿಸಿ ಶೋ ಶುರು ಮಾಡಿದ.

ಎರಡು ಶೋ ಆಗುವಷ್ಟರಲ್ಲಿ ನಾಲ್ಕು ಲಕ್ಷ ಸಾಲ. ಹೆಂಡತಿಯ ಒಡವೆ ಅಡವಿಟ್ಟಾಗಿತ್ತು. ಉಳಿದದ್ದು ಮೀಟರ್ ಬಡ್ಡಿ. ಅಪ್ಪ ಮಾತು ಬಿಟ್ಟಿದ್ದರು.

ಸಾಲದ ಬಾಧೆಯಲ್ಲಿರುವವರನ್ನು ನಾನು ಮೊದಲು ಕೇಳುವ ಪ್ರಶ್ನೆಯನ್ನೇ ಇವನಿಗೂ ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸಿದೆಯಾ? ಒಂದೆರಡು ರಾತ್ರಿ ಅನ್ನಿಸಿತ್ತು ಎಂದ. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ಹೇಳಿಕೊಂಡವರು ಹಗುರವಾಗುತ್ತಾರೆ. ಮನೋವೈದ್ಯರ ಬಳಿ ಕಳಿಸಿದೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಅನ್ನು ಗಂಡಹೆಂಡತಿ ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಬಡ್ಡಿಯವರು ಮನೆ ಬಾಗಿಲಿಗೆ ಬಂದು ಕೂಗಾಡುತ್ತಿದ್ದ ವಿಷಯಕ್ಕೆ, ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ಆಮೇಲೆ ಕಾಯ್ದೆ ಮಾಡಿದ ಕಾನೂನಿನಿಂದ ಹಾಗೆ ಕಿರುಕುಳ ಕೊಟ್ಟು ವಸೂಲಿ ಮಾಡುವುದು ಶಿಕ್ಷಾರ್ಹ ಅಪರಾಧವಾಗಿದೆ ಎಂದು ತಿಳಿಸಿದೆ. ಠಾಣೆಗೆ ಹೆಂಡತಿಯೇ ಹೋಗಿ ಬಂದರು.

ನಿದ್ದೆ ಕೆಡಿಸಿದ್ದು ಸಾಲವೊಂದೇ ಅಲ್ಲ ಎಂಬುದು ನಿಧಾನಕ್ಕೆ ಹೊರಬಿತ್ತು. ಎರಡನೇ ಶೋನಲ್ಲಿ ಹತ್ತೊಂಬತ್ತರ ಒಬ್ಬ ಹುಡುಗ ತಲೆ ತಾಗಿಸಿಕೊಂಡು ಬಿದ್ದಿದ್ದ. ಈ ಆಟದಲ್ಲಿ ಬೀಳುವುದೇ ಮೊದಲ ಪಾಠ: ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಬೆನ್ನಿನ ಮೇಲ್ಭಾಗ ಅಗಲಕ್ಕೆ ನೆಲ ಮುಟ್ಟಬೇಕು, ಅದೇ ಗಳಿಗೆಗೆ ಎರಡೂ ಕೈ ಹಲಗೆಗೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಹುಡುಗ ದಣಿದಿದ್ದ, ಗದ್ದ ಮೇಲೆದ್ದಿತ್ತು. ಇವರ ರಿಂಗಿನಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ, ಹಲಗೆಯ ಮೇಲೆ ತೆಳು ಫೋಮ್, ಅದರ ಮೇಲೆ ಟಾರ್ಪಾಲ್. ಬಿದ್ದರೆ ಹಲಗೆ ಒಂಚೂರೂ ಬಾಗುತ್ತಿರಲಿಲ್ಲ. ಹುಡುಗ ಎದ್ದು, ಎದುರಾಳಿಯ ಬದಲು ರೆಫರಿಯನ್ನು ಹಿಡಿಯಲು ಹೋದ. ಜನ ಅದನ್ನೂ ಆಟವೆಂದುಕೊಂಡು ಶಿಳ್ಳೆ ಹೊಡೆದರು. ಅರ್ಧ ಗಂಟೆ ಬಿಟ್ಟು ಅವನನ್ನೇ ಮತ್ತೆ ಕೊನೆಯ ಪಂದ್ಯಕ್ಕೆ ಇಳಿಸಿದ್ದ ನಮ್ಮ ಯುವಕ. "ಪೋಸ್ಟರ್ ಮೇಲೆ ಅವನ ಮುಖ ಇತ್ತು ಸಾರ್" ಎಂದ. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಸಮಾಧಾನ ಹೇಳುವ ಬದಲು ಆ ಹುಡುಗನನ್ನು ಹುಡುಕಿ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ತಪ್ಪಿತಸ್ಥ ಭಾವಕ್ಕೆ ಮೊದಲ ಮದ್ದು, ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸುವುದೇ ಎಂದು ನನ್ನ ನಂಬಿಕೆ. ಹುಡುಗನಿಗೆ ಇನ್ನೂ ತಲೆನೋವು, ಬೆಳಕು ಕಂಡರೆ ಹಿಂಸೆ ಇತ್ತು. ತಲೆಗೆ ಏಟು ಬಿದ್ದವರು ಅವತ್ತು ಮತ್ತೆ ರಿಂಗಿಗೆ ಇಳಿಯಲೇಬಾರದು, ಲಕ್ಷಣಗಳೆಲ್ಲ ಹೋಗಿ ವೈದ್ಯರು ಒಪ್ಪಿದ ಮೇಲೆ ಹಂತ ಹಂತವಾಗಿ ಅಭ್ಯಾಸಕ್ಕೆ ಮರಳಬೇಕು. ಇದು ಚರ್ಚೆಗೆ ಬಿಟ್ಟ ವಿಷಯವಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ಮುಂದೆ ಲೆಕ್ಕದ ಪುಸ್ತಕ ತರಿಸಿದೆ. ಲೆಕ್ಕ ನೋಡುವುದು ಆಪ್ತಸಲಹೆಗಾರರ ಕೆಲಸವಲ್ಲ ಎನ್ನುವವರುಂಟು. ಆದರೆ ಮನುಷ್ಯ ಯಾವುದಕ್ಕೆ ಹೆದರುತ್ತಾನೆ, ಯಾರನ್ನು ಮೆಚ್ಚಿಸಲು ಒದ್ದಾಡುತ್ತಾನೆ ಎಂಬುದು ಖರ್ಚಿನಲ್ಲಿ ಕಾಣುವಷ್ಟು ನಿಚ್ಚಳವಾಗಿ ಮಾತಿನಲ್ಲಿ ಕಾಣುವುದಿಲ್ಲ. ಹೊರರಾಜ್ಯದ ಒಬ್ಬ ಹೆಸರಾಂತ ಆಟಗಾರನಿಗೆ ವಿಮಾನ, ಹೋಟೆಲು, ಸಂಭಾವನೆ. ದೊಡ್ಡ ಮೈದಾನ, ಜನರೇಟರು, ಊರ ತುಂಬ ಫ್ಲೆಕ್ಸು. ಕುರ್ಚಿಗಳಲ್ಲಿ ಅರ್ಧಕ್ಕರ್ಧ ಪುಢಾರಿಗಳ ಕಡೆಯವರಿಗೆ ಪುಕ್ಕಟೆ ಪಾಸು. ರಿಂಗಿನಲ್ಲಿ ಬಿದ್ದೆದ್ದ ಸ್ಥಳೀಯ ಹುಡುಗರ ಹೆಸರಿನ ಮುಂದೆ "ಕೊಡಬೇಕು" ಎಂಬ ಒಂದೇ ಪದ. ಅದೇ ಹುಡುಗರಿಂದ ತಿಂಗಳು ತಿಂಗಳು ತರಬೇತಿ ಫೀಸು ಮಾತ್ರ ತಪ್ಪದೆ ಬರುತ್ತಿತ್ತು. ಸಣ್ಣ ರೆಸ್ಲಿಂಗ್ ಕಂಪನಿಗಳು ಬಹಳ ಕಡೆ ಉಸಿರಾಡುವುದೇ ಈ ಫೀಸಿನಿಂದ. ಅದು ತಪ್ಪಲ್ಲ. ಕಲಿತವನು ರಿಂಗಿಗೆ ಇಳಿದು, ಟಿಕೆಟ್ ಕೊಂಡವರ ಮುಂದೆ ಮೈ ಒಡ್ಡಿದ ಮೇಲೂ ಅವನಿಗೆ ಕೂಲಿ ಇಲ್ಲ ಅಂದರೆ ಅದು ತಪ್ಪು.

ಅವನ ಆದರ್ಶ ಅಮೆರಿಕದ ಇಸಿಡಬ್ಲ್ಯೂ. ಸಣ್ಣ ಹಾಲ್‌ನಿಂದ ಎದ್ದ ರೆಸ್ಲಿಂಗ್ ಕಂಪನಿ, ಅಭಿಮಾನಿಗಳ ಹುಚ್ಚು ಪ್ರೀತಿ. ಆ ಕಂಪನಿ 2001ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಸ್ವಂತ ಆಟಗಾರರಿಗೇ ಬಾಕಿ ಉಳಿಸಿತ್ತು ಎಂಬುದೂ ಅವನಿಗೆ ಗೊತ್ತಿತ್ತು. "ನಿನ್ನ ಪುಸ್ತಕದಲ್ಲಿ ಆ ಕಂಪನಿಯಿಂದ ಬಂದಿರುವುದು ಯಾವ ಪುಟ, ನೋಡು" ಎಂದೆ.

ಯಾರನ್ನು ಮೆಚ್ಚಿಸಲು ಅಷ್ಟು ದೊಡ್ಡ ಮೈದಾನ? ಉತ್ತರ ಅವನೇ ಕೊಟ್ಟ: ಅಪ್ಪನನ್ನು. ದಸರಾ ಕುಸ್ತಿಯಷ್ಟು ಜನ ಸೇರಿದರೆ ಅಪ್ಪ ಒಪ್ಪುತ್ತಾರೆ ಎಂದುಕೊಂಡಿದ್ದ. ಅದಕ್ಕೇ ಮೊದಲ ಶೋನ ಫ್ಲೆಕ್ಸಿನಲ್ಲಿ "ಬೃಹತ್ ಕುಸ್ತಿ ಪಂದ್ಯಾವಳಿ" ಎಂದು ಹಾಕಿಸಿದ್ದ. ಗರಡಿಯ ಹಿರಿಯರು ಪೇಟ ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಎರಡನೇ ಪಂದ್ಯಕ್ಕೇ ಒಬ್ಬರು ಎದ್ದು, "ಇದೇನ್ಲಾ, ಮಾತಾಡ್ಕಂಡ್ ಬೀಳ್ತಾವ್ರೆ!" ಎಂದು ಕೂಗಿ ದುಡ್ಡು ವಾಪಸು ಕೇಳಿದರು. ಅಪ್ಪ ಅವರ ಪಕ್ಕದಲ್ಲೇ ಇದ್ದರು.

ಅಪ್ಪನನ್ನು ಕರೆಸಿದೆ. ನಮ್ಮ ಮಂಡ್ಯ ಸೀಮೆಯ ಎಷ್ಟೋ ಗಂಡಸರಂತೆ ಅವರಿಗೂ ಕುರುಕ್ಷೇತ್ರ ನಾಟಕದ ಗೀಳು. ಕೈಯಿಂದ ದುಡ್ಡು ಹಾಕಿ ಭೀಮನ ಪಾರ್ಟು ಮಾಡಿದವರು. "ದುರ್ಯೋಧನ ಬೀಳುವುದು ಮೊದಲೇ ಗೊತ್ತಲ್ಲ, ಅದು ಮೋಸವೇ?" ಎಂದು ಕೇಳಿದೆ. ತಕ್ಷಣ ಹೇಳಿದರು: "ನಾಟ್ಕ ಅಂತ ಬೋರ್ಡ್ ಹಾಕಿರ್ತಾರೆ ಕಣ್ರೀ. ಇವ್ನು ಕುಸ್ತಿ ಅಂತ ಹಾಕ್ದ."

ಮಗ ಅಪ್ಪನ ಸಿಟ್ಟನ್ನು ಇಷ್ಟು ದಿನ ತಪ್ಪಾಗಿ ಓದಿದ್ದ. ಈ ಕಲೆಯ ಮೇಲೆ ಅಪ್ಪನಿಗೆ ಅಸಹ್ಯವಿರಲಿಲ್ಲ. ಗರಡಿಯ ಹೆಸರು ಹೇಳಿ ಬೇರೆಯದನ್ನು ಮಾರಿದ್ದು ಅವರಿಗೆ ನೋವಾಗಿತ್ತು. ಆ ನೋವು ನ್ಯಾಯವಾದದ್ದು ಎಂದು ನಾನು ಇಬ್ಬರ ಮುಂದೆಯೇ ಹೇಳಿದೆ. ಈ ಉದ್ಯಮದ ದೊಡ್ಡಣ್ಣ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕೂಡ 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ ಜನ ನೋಡುವುದನ್ನು ಬಿಡಲಿಲ್ಲ.

ಕೊಟ್ಟ ಸಲಹೆ ಇಷ್ಟು. ಹಳೆಯ ಸಾಲಕ್ಕೆ ಬೇರೆ ದುಡಿಮೆ. ಈಗ ಜಿಮ್ ಒಂದರಲ್ಲಿ ಬೆಳಗ್ಗೆ ಕೆಲಸ ಮಾಡುತ್ತಾನೆ. ಹುಡುಗರ ಬಾಕಿ ತೀರುವವರೆಗೆ ಶೋ ಬೇಡ. ಆಮೇಲೆ ಇನ್ನೂರು ಕುರ್ಚಿಯ ಹಾಲ್, ಪ್ರತಿ ಸಲ ಅದೇ ಹಾಲ್, ಹೊರಗಿನ ತಾರೆ ಬೇಡ, ಕಥೆ ನಮ್ಮ ಹುಡುಗರದೇ ಇರಲಿ. ಪೋಸ್ಟರಿನಲ್ಲಿ "ರೆಸ್ಲಿಂಗ್ ಪ್ರದರ್ಶನ" ಎಂದೇ ಇರಲಿ. ಆಟಗಾರರ ಹಣ ಶೋಗೆ ಮುಂಚೆ ಬೇರೆ ಖಾತೆಯಲ್ಲಿ ಕೂತಿರಬೇಕು, ಆ ಖಾತೆಗೆ ಹೆಂಡತಿಯ ಸಹಿಯೂ ಬೇಕು. ಎಲ್ಲರಿಗೂ ಗುಂಪು ಅಪಘಾತ ವಿಮೆ, ರಿಂಗ್ ಪಕ್ಕ ವೈದ್ಯರು ಅಥವಾ ಆಂಬುಲೆನ್ಸ್. ಇವೆರಡಕ್ಕೆ ದುಡ್ಡಿಲ್ಲದಿದ್ದರೆ ಅವತ್ತು ಶೋ ಇಲ್ಲ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲಿನಲ್ಲಿ ಉಚಿತ, ಏಜೆಂಟರಿಗೆ ಕೊಡಬೇಕಿಲ್ಲ. ಟಿಕೆಟಿನ ಜಿಎಸ್‌ಟಿ, ಪೊಲೀಸ್ ಅನುಮತಿ, ಹಾಡು ಹಾಕಲು ಬೇಕಾದ ಲೈಸೆನ್ಸ್ ವಿಚಾರಕ್ಕೆ ಲೆಕ್ಕಪರಿಶೋಧಕರ ಬಳಿ ಕಳಿಸಿದೆ.

ಇನ್ನು ಒಡವೆ ಕೊಡುವುದಿಲ್ಲ ಎಂದು ಹೆಂಡತಿ ಹೇಳಿದಾಗ ಅವನು ಮುಖ ಸಣ್ಣ ಮಾಡಿದ. ಆಕೆಯ ಮಾತು ಸರಿ ಎಂದೆ. ಹೆಂಡತಿಯ ಕತ್ತಿನ ಸರದ ಮೇಲೆ ನಿಂತ ಕಂಪನಿಯನ್ನು ಕಂಪನಿ ಎನ್ನಲಾಗದು.

ಕಳೆದ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಸಾಲ ಅರ್ಧದಷ್ಟು ಉಳಿದಿದೆ, ಇಬ್ಬರು ಹುಡುಗರಿಗೆ ಇನ್ನೂ ಕೊಡಬೇಕು. ಅಪ್ಪ ಶೋಗೆ ಬರುವುದಿಲ್ಲ ಎಂದೇ ಹೇಳಿದ್ದಾರೆ. ಭಾನುವಾರ ಮಾತ್ರ ತರಬೇತಿಯ ಜಾಗಕ್ಕೆ ಹೋಗಿ ಹುಡುಗರಿಗೆ ಕತ್ತಿನ ಕಸರತ್ತು ಹೇಳಿಕೊಡುತ್ತಾರಂತೆ. ತಲೆಗೆ ಏಟು ಬಿದ್ದಿದ್ದ ಹುಡುಗ ಸದ್ಯ ಟಿಕೆಟ್ ಕೌಂಟರ್ ನೋಡಿಕೊಳ್ಳಲು ಒಪ್ಪಿದ್ದಾನೆ; ಅದಕ್ಕೂ ಕೂಲಿ ಗೊತ್ತುಮಾಡಿ ಪುಸ್ತಕದಲ್ಲಿ ಬರೆದಿದ್ದಾರೆ.