ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ತೀರಿಕೊಂಡಾಗ ಅಷ್ಟೊಂದು ಜನ ಯಾಕೆ ದುಃಖಪಟ್ಟರು?

ನೀವು ಕೇಳಿರುವುದು ಇಷ್ಟು: ಜಾಗ್ವಾರ್ ಕಂಪನಿಯ ಹಳೆಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ 2019ರಲ್ಲಿ ತೀರಿಕೊಂಡಾಗ, ಅವರನ್ನು ಒಮ್ಮೆಯೂ ಕಣ್ಣಾರೆ ಕಾಣದವರು ಕೂಡ ಮನೆಯ ಹಿರಿಯರು ಹೋದ ಹಾಗೆ ಸಂಕಟಪಟ್ಟರು. ಅವರು ಕಾರು ವಿನ್ಯಾಸ ಮಾಡಿದವರಲ್ಲ, ದೊಡ್ಡ ರೇಸ್ ಗೆದ್ದವರೂ ಅಲ್ಲ. 98 ವರ್ಷ ಬದುಕಿದರು, ತುಂಬು ಜೀವನ. ಹಾಗಿರುವಾಗ ಇಷ್ಟು ದುಃಖ ಯಾಕೆ?

ಸಂಕಟಪಟ್ಟವರಲ್ಲಿ ನಾನೂ ಒಬ್ಬ. ನನ್ನ ಹೊಟ್ಟೆಪಾಡು ಬ್ರೇಕ್ ಪರೀಕ್ಷೆ. ಡ್ಯೂಯಿಸ್ ಅವರನ್ನು ನಾನು ಭೇಟಿಯಾದವನಲ್ಲ, ಅವರ ಸಂದರ್ಶನಗಳನ್ನು ನೋಡಿ, ಅವರ ಬಗ್ಗೆ ಬಂದದ್ದನ್ನೆಲ್ಲ ಓದಿ ಬಲ್ಲೆ, ಅಷ್ಟೆ. ಆದರೂ ಆ ಜೂನ್ 8ರ ಸುದ್ದಿ ಓದಿದಾಗ ಗುರುಗಳೊಬ್ಬರು ಹೋದಂತೆಯೇ ಅನಿಸಿತು.

ಮೊದಲು ಬ್ರೇಕಿನ ವಿಷಯವನ್ನೇ ಹೇಳುತ್ತೇನೆ. ಅವರು ಹೋದಾಗ ಪತ್ರಿಕೆಗಳು ವೇಗದ ದಾಖಲೆ, ಅಪಘಾತ ಇವನ್ನೇ ದೊಡ್ಡದಾಗಿ ಬರೆದವು. ನನ್ನ ಮಟ್ಟಿಗೆ ಅವರ ಬದುಕಿನ ಅತಿ ದೊಡ್ಡ ಕೆಲಸ ಬ್ರೇಕಿನದು. ಹಳೆಯ ಪದ್ಮಿನಿ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಗೊತ್ತು: ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ (ಚಕ್ರದ ಜೊತೆ ತಿರುಗುವ ಡಬ್ಬಿಯಂಥ ಡ್ರಮ್ಮಿಗೆ ಒಳಗಿನಿಂದ ಲೈನರ್ ಒತ್ತಿ ನಿಲ್ಲಿಸುವಂಥದ್ದು), ಮೇಲಿಂದ ಮೇಲೆ ತುಳಿಯುತ್ತಾ ಬಂದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಗಾಡಿ ಸರಿಯಾಗಿ ನಿಲ್ಲುವುದಿಲ್ಲ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕಾವಿಗೆ ಸಡಿಲವಾಗುತ್ತದೆ, ಒಳಗಿನ ಬಿಸಿ ಹೊರಹೋಗಲು ದಾರಿಯಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲೇ ಈ ಪಾಡು. 1950ರ ಸುಮಾರಿಗೆ ರೇಸ್ ಕಾರುಗಳು 240 ಕಿ.ಮೀ. ದಾಟುತ್ತಿದ್ದವು, ಅವಕ್ಕೂ ಡ್ರಮ್ ಬ್ರೇಕೇ ಗತಿ.

ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಹಿಡಿದು ನಿಲ್ಲಿಸುವ ಡಿಸ್ಕ್ ಬ್ರೇಕಿನ ಕಲ್ಪನೆ ಹೊಸದೇನಲ್ಲ, ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ವಿಮಾನಗಳಲ್ಲೂ ಬಳಕೆಗೆ ಬಂದಿತ್ತು. ಆದರೆ ವಿಮಾನ ಇಳಿದಾಗ ಒಮ್ಮೆ ಬ್ರೇಕ್ ಹಾಕಿ ನಿಲ್ಲುತ್ತದೆ. ರೇಸ್ ಕಾರು ಹಾಗಲ್ಲ, ಪ್ರತಿ ತಿರುವಿಗೂ, ಗಂಟೆಗಟ್ಟಲೆ ಬ್ರೇಕ್ ಬೇಕು. ಡನ್‌ಲಪ್ ಕಂಪನಿಯೂ ಜಾಗ್ವಾರ್ ಕಂಪನಿಯೂ ಸೇರಿ ಇದನ್ನು ಪಳಗಿಸಲು ಹೊರಟಾಗ, ಸೀಟಿನಲ್ಲಿ ಕೂತು ಆ ಬ್ರೇಕನ್ನು ಮತ್ತೆ ಮತ್ತೆ ತುಳಿಯುವ ಕೆಲಸ ಬಿದ್ದದ್ದು 1952ರಲ್ಲಿ ಜಾಗ್ವಾರ್ ಸೇರಿದ ಡ್ಯೂಯಿಸ್ ಅವರ ಪಾಲಿಗೆ. ಕಾರು ಜಾಗ್ವಾರ್‌ನ ರೇಸ್ ಕಾರು ಸಿ-ಟೈಪ್.

ತುಳಿದಂತೆಲ್ಲ ಒಂದೊಂದು ತೊಂದರೆ ಹೊರಬಿತ್ತು. ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬುತ್ತಿತ್ತು, ಆಗ ಪೆಡಲ್ ತುಳಿದರೆ ಆವಿ ಕುಗ್ಗುತ್ತಿತ್ತೇ ಹೊರತು ಚಕ್ರಕ್ಕೆ ಒತ್ತಡ ತಲುಪುತ್ತಿರಲಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಮುನ್ಸೂಚನೆಯೇ ಇರುವುದಿಲ್ಲ. ಜೋರಾಗಿ ತಿರುವು ತೆಗೆದುಕೊಂಡಾಗ ಚಕ್ರದ ಬೇರಿಂಗ್ ತುಸು ಬಾಗಿ ಡಿಸ್ಕ್ ಓರೆಯಾಗುತ್ತದೆ, ಎರಡೂ ಕಡೆಯ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಮುಂದಿನ ತಿರುವಿನಲ್ಲಿ ಬ್ರೇಕ್ ತುಳಿದರೆ ಪೆಡಲ್ ನೇರ ನೆಲಕ್ಕೆ. ಎರಡನೇ ಸಲ ತುಳಿದರೆ ಹಿಡಿಯುತ್ತದೆ. ಆ ಎರಡು ತುಳಿತದ ನಡುವೆ ಕಾರು ಎಷ್ಟು ದೂರ ಓಡಿರುತ್ತದೆ ಎಂದು ಲೆಕ್ಕ ಹಾಕಿ ನೋಡಿ: 200 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ಎಂದರೆ ಸುಮಾರು 28 ಮೀಟರ್. ನಮ್ಮ ಕೆಲಸದಲ್ಲಿ ಇಂದಿಗೂ ಈ ದೋಷವನ್ನು ಹುಡುಕಲು ಕಾರನ್ನು ಬೇಕೆಂದೇ ಒರಟು ಅಂಚಿನ ಮೇಲೆ ಓಡಿಸಿ, ಮೊದಲ ತುಳಿತ ಎಷ್ಟು ಆಳಕ್ಕೆ ಹೋಯಿತು ಎಂದು ಬರೆದುಕೊಳ್ಳುತ್ತೇವೆ. ನಮಗೆ ಸೆನ್ಸರ್‌ಗಳಿವೆ. ಅವರಿಗೆ ಇದ್ದದ್ದು ಬಲಗಾಲು.

1952ರ ಮೇ ತಿಂಗಳಲ್ಲಿ ಇಟಲಿಯ ಮಿಲೆ ಮಿಲಿಯಾ ರೇಸಿಗೆ ಅದೇ ಬ್ರೇಕಿನ ಸಿ-ಟೈಪ್ ಹೋಯಿತು. ಓಡಿಸಿದವರು ಸ್ಟರ್ಲಿಂಗ್ ಮಾಸ್, ಪಕ್ಕದಲ್ಲಿ ಡ್ಯೂಯಿಸ್. ಸುಮಾರು 1,600 ಕಿ.ಮೀ. ಸಾರ್ವಜನಿಕ ರಸ್ತೆ. ಸ್ಟೀರಿಂಗ್ ಕೆಟ್ಟು ರೇಸ್ ಮುಗಿಸಲು ಆಗಲಿಲ್ಲ. ಮರುತಿಂಗಳೇ ಫ್ರಾನ್ಸಿನ ರೀಮ್ಸ್‌ನಲ್ಲಿ ಮಾಸ್ ಡಿಸ್ಕ್ ಬ್ರೇಕಿನ ಸಿ-ಟೈಪಿನಲ್ಲೇ ಗೆದ್ದರು. 1953ರ ಲ ಮಾನ್ಸ್ 24 ಗಂಟೆ ರೇಸಿನಲ್ಲಿ ಗೆದ್ದದ್ದೂ ಡಿಸ್ಕ್ ಬ್ರೇಕಿನ ಸಿ-ಟೈಪ್, ಆ ರೇಸಿನ ಇತಿಹಾಸದಲ್ಲೇ ಮೊದಲ ಬಾರಿಗೆ ಗಂಟೆಗೆ 100 ಮೈಲಿಗೂ ಮೀರಿದ ಸರಾಸರಿ ವೇಗದಲ್ಲಿ. ಗೆದ್ದವರ ಪಟ್ಟಿಯಲ್ಲಿ ಟೋನಿ ರಾಲ್ಟ್, ಡಂಕನ್ ಹ್ಯಾಮಿಲ್ಟನ್ ಹೆಸರಿದೆ. ಬ್ರೇಕನ್ನು ನಂಬುವ ಮಟ್ಟಕ್ಕೆ ತಂದವರ ಹೆಸರು ಅಲ್ಲಿ ಬರುವುದಿಲ್ಲ. ಟೆಸ್ಟ್ ಡ್ರೈವರಿನ ಕೆಲಸವೇ ಅಂಥದ್ದು.

ನೀವು 'ವಿನ್ಯಾಸ ಮಾಡಿದವರಲ್ಲ' ಎಂದಿರಿ. ನಿಜ, ಜಾಗ್ವಾರ್‌ನ ಹೆಸರಾಂತ ಕಾರು ಇ-ಟೈಪಿನ ಆ ಚೆಂದದ ಮೈ ಮಾಲ್ಕಮ್ ಸೇಯರ್ ಅವರದು, ಎಂಜಿನಿಯರಿಂಗ್ ಮುಖ್ಯಸ್ಥರು ವಿಲಿಯಂ ಹೇಯ್ನ್ಸ್. ಆದರೆ ಕಾಗದದ ಮೇಲಿನ ಲೆಕ್ಕ ರಸ್ತೆಯಲ್ಲಿ ಸರಿಬಂದಿದೆಯೋ ಇಲ್ಲವೋ ಎಂದು ಹೇಳುವವರು ಒಬ್ಬರು ಬೇಕಲ್ಲ? 'ಹಿಂಬದಿ ತೇಲುತ್ತಿದೆ', 'ಸ್ಟೀರಿಂಗ್ ತಡವಾಗಿ ಕೇಳುತ್ತಿದೆ', 'ಪೆಡಲ್ ಮೆತ್ತಗಿದೆ' ಎಂದು ಹೇಳಿ, ಯಾವ ಭಾಗ ಬದಲಾಯಿಸಿದರೆ ಸರಿಹೋದೀತು ಎಂದೂ ಹೇಳಬಲ್ಲವರು. ಡಿ-ಟೈಪ್, ಇ-ಟೈಪ್, 1968ರ ಎಕ್ಸ್‌ಜೆ6, ಆಮೇಲೆ ಎಕ್ಸ್‌ಜೆ-ಎಸ್, ಹೀಗೆ 1985ರಲ್ಲಿ ನಿವೃತ್ತರಾಗುವವರೆಗೆ 33 ವರ್ಷ ಜಾಗ್ವಾರ್ ಕಾರುಗಳು ಅವರ ಕೈಯಿಂದ ಹಾದುಹೋದವು. ಹಳೆಯ ಜಾಗ್ವಾರ್ ಓಡಿಸಿದವರು 'ಇದರ ಸ್ವಭಾವವೇ ಬೇರೆ' ಎನ್ನುತ್ತಾರೆ. ಆ ಸ್ವಭಾವದಲ್ಲಿ ಬಹುಪಾಲು, ಜಾಗ್ವಾರ್ ಕಾರ್ಖಾನೆಯಿದ್ದ ಊರು ಕಾವೆಂಟ್ರಿಯ ಈ ಒಬ್ಬ ಮನುಷ್ಯನ ಒಪ್ಪಿಗೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಕಾರ್ಖಾನೆ ಸೇರಿದವರು, ಯುದ್ಧದಲ್ಲಿ ಬ್ಲೆನಿಮ್ ವಿಮಾನದ ಗನ್ನರ್ ಆಗಿದ್ದವರು.

ದಾಖಲೆಗಳ ಮಾತು ಬೇಗ ಮುಗಿಸುತ್ತೇನೆ, ಅವು ಎಲ್ಲೆಡೆ ಸಿಗುತ್ತವೆ. 1953ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಯಾಬೆಕೆ ಹೆದ್ದಾರಿಯಲ್ಲಿ, ತಲೆಯ ಮೇಲೆ ಪಾರದರ್ಶಕ ಗುಮ್ಮಟ ಮುಚ್ಚಿದ ಎಕ್ಸ್‌ಕೆ120ರಲ್ಲಿ ಗಂಟೆಗೆ 172.412 ಮೈಲಿ, ಅಂದರೆ ಸುಮಾರು 277 ಕಿ.ಮೀ. 1955ರ ಲ ಮಾನ್ಸ್‌ನಲ್ಲಿ, 80ಕ್ಕೂ ಹೆಚ್ಚು ಜನ ಸತ್ತ ಆ ಕರಾಳ ರೇಸಿನಲ್ಲಿ, ಡಿ-ಟೈಪ್ ಓಡಿಸಿದರು. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಇ-ಟೈಪ್ ಬಿಡುಗಡೆಯಾದಾಗ ಅದರಲ್ಲೊಂದು ಸುತ್ತು ಹೋಗಲು ಜನ ಮುಗಿಬಿದ್ದರು. ಒಂದೇ ಕಾರು ಸಾಲದಾಯಿತು. 'ಇರುವ ಕೆಲಸವೆಲ್ಲ ಬಿಟ್ಟು ತೆರೆದ ಕಾರನ್ನು ತೆಗೆದುಕೊಂಡು ಬಾ' ಎಂದು ಕಾವೆಂಟ್ರಿಗೆ ಹೇಳಿಕಳಿಸಿದರು. ಡ್ಯೂಯಿಸ್ ಸಂಜೆ ಹೊರಟು, ಡೋವರಿನಲ್ಲಿ ಹಡಗು ಹತ್ತಿ, ರಾತ್ರಿಯೆಲ್ಲ ಫ್ರಾನ್ಸ್ ದಾಟಿ ಬೆಳಗ್ಗೆ ಜಿನೀವಾದಲ್ಲಿದ್ದರು. ಹೋಗಿ ಮಲಗಲಿಲ್ಲ, ಅದೇ ಕಾರಿನಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಾಡಿಸಲು ನಿಂತರು.

1971ರ ಜನವರಿಯ ಘಟನೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಎಕ್ಸ್‌ಜೆ13 ಎಂಬ ಕಾರು, ನಡುಭಾಗದಲ್ಲಿ 5 ಲೀಟರಿನ ವಿ12 ಎಂಜಿನ್, ಲ ಮಾನ್ಸ್‌ಗಾಗಿ ಮಾಡಿ ಕೊನೆಗೆ ರೇಸಿಗೇ ಇಳಿಸದೆ ಬಿಟ್ಟದ್ದು. ಮೀರಾ ಪರೀಕ್ಷಾ ಟ್ರ್ಯಾಕಿನಲ್ಲಿ ಅದರ ಚಿತ್ರೀಕರಣ ನಡೆಯುವಾಗ ವೇಗದಲ್ಲಿ ಚಕ್ರ ಮುರಿಯಿತು. ಡ್ಯೂಯಿಸ್ ಇಗ್ನಿಷನ್ ಆರಿಸಿದರು, ಬೆಂಕಿ ಹತ್ತಬಾರದು ಎಂದು. ಆಮೇಲೆ ಸ್ಟೀರಿಂಗ್ ಬಿಟ್ಟು ಡ್ಯಾಶ್‌ಬೋರ್ಡಿನ ಅಡಿಗೆ ಮೈ ಮುದುಡಿ ನುಸುಳಿಕೊಂಡರು. ಕಾರು ಪಲ್ಟಿ ಹೊಡೆದು ಜಖಂಗೊಂಡಿತು, ಅವರು ಎದ್ದು ಬಂದರು. ಇದನ್ನು ಅದೃಷ್ಟ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಇನ್ನು ಕಾರು ತನ್ನ ಕೈಯಲ್ಲಿಲ್ಲ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿದುಕೊಂಡು, ಮಾಡಬೇಕಾದ ಎರಡು ಕೆಲಸಗಳನ್ನು ಸರಿಯಾದ ಅನುಕ್ರಮದಲ್ಲಿ ಮಾಡುವುದು ಪಳಗಿದವರಿಗೆ ಮಾತ್ರ ಸಾಧ್ಯ.

ಈಗ ನಿಮ್ಮ ಪ್ರಶ್ನೆಯ ತಿರುಳು. ಹಳೆಯ ಕಾರನ್ನು ಮತ್ತೆ ಮೊದಲಿನಂತೆ ಮಾಡುವವರಿಗೆ ಡ್ರಾಯಿಂಗ್ ಸಿಗುತ್ತದೆ, ಬಿಡಿಭಾಗ ಸಿಗುತ್ತದೆ, ಇಲ್ಲದಿದ್ದರೆ ಹೊಸದಾಗಿ ಮಾಡಿಸಿಕೊಳ್ಳಬಹುದು. ಆದರೆ ಎಲ್ಲ ಜೋಡಿಸಿದ ಮೇಲೆ 'ಡಿ-ಟೈಪ್ ಓಡುತ್ತಿದ್ದದ್ದು ಹೀಗೆಯೇ' ಎಂದು ಹೇಳಬೇಕಾದದ್ದು, ಆಗ ಅದನ್ನು ತಿದ್ದಿದ ಕೈ. ನಮ್ಮಲ್ಲಿ ಈಗಲೂ ಬ್ರೇಕ್ ಪೆಡಲಿಗೆ ಅನುಭವಿ ಡ್ರೈವರ್ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಯಂತ್ರ ಎಲ್ಲ ಸರಿ ಎಂದರೂ ಅವರು ಐದು ಕೊಟ್ಟರೆ ಕೆಲಸ ಮತ್ತೆ ಮೊದಲಿನಿಂದ ಶುರು. ಆ ಐದಕ್ಕೂ ಏಳಕ್ಕೂ ಇರುವ ವ್ಯತ್ಯಾಸ ಯಾವ ಕಡತದಲ್ಲೂ ಪೂರ್ತಿ ಇರುವುದಿಲ್ಲ, ಆ ಮನುಷ್ಯನ ಮೈಯಲ್ಲಿರುತ್ತದೆ. ಡ್ಯೂಯಿಸ್ ತಮ್ಮ ಮೈಯಲ್ಲಿದ್ದದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ನಿವೃತ್ತಿಯ ನಂತರ, ತೊಂಬತ್ತು ದಾಟಿದ ಮೇಲೂ, ಕಾರು ಮೇಳಗಳಿಗೆ ಹೋಗಿ ಭಾಷಣ ಮಾಡಿದರು, ಕೇಳಿದವರಿಗೆ ಉತ್ತರ ಹೇಳಿದರು. 1950ರ ದಶಕದ ಬಗ್ಗೆ ಪ್ರಶ್ನೆ ಬಂದರೆ, ಅಲ್ಲಿ ಕೂತು ಓಡಿಸಿದವರೇ ಎದುರಿಗೆ ಇದ್ದರು. ಆ ಜೂನ್ 8ರಿಂದ ಹಾಗೆ ಕೇಳಲು ಬಾಗಿಲಿಲ್ಲ. ಅವರನ್ನು ನೋಡದವರಿಗೂ ದುಃಖವಾದದ್ದು ಅದಕ್ಕೆ. ನನ್ನಲ್ಲೂ ಆ ಸಿ-ಟೈಪಿನ ಬ್ರೇಕ್ ಬಗ್ಗೆ ಕೇಳಬೇಕೆಂದುಕೊಂಡ ಪ್ರಶ್ನೆಗಳಿದ್ದವು. ಅವಕ್ಕೆ ಉತ್ತರ ಕೊಡಬಲ್ಲವರು ಈಗ ಯಾರೂ ಉಳಿದಿಲ್ಲ ಎಂಬುದು ಇವತ್ತಿಗೂ ನೋಯುತ್ತದೆ.

ಅವರ ಕಾಲದ ಜಾಗ್ವಾರ್ 2008ರಿಂದ ಟಾಟಾ ಒಡೆತನದಲ್ಲಿದೆ, ನಮ್ಮ ಕಡೆಯ ಎಂಜಿನಿಯರುಗಳೂ ಅಲ್ಲಿ ದುಡಿಯುತ್ತಿದ್ದಾರೆ. ಇ-ಟೈಪಿಗೆ 60 ತುಂಬಿದಾಗ ಕಂಪನಿ ಹಳೆಯ ಇ-ಟೈಪುಗಳನ್ನೇ ಹೊಸದಾಗಿ ಸಜ್ಜುಗೊಳಿಸಿ ಆರು ಜೋಡಿ ಕಾರು ಹೊರತಂದಿತು. ತೆರೆದ ಕಾರಿನ ಹಸಿರು ಬಣ್ಣಕ್ಕೆ ಇಟ್ಟ ಹೆಸರು 'ಡ್ರಾಪ್ ಎವೆರಿಥಿಂಗ್ ಗ್ರೀನ್', 1961ರಲ್ಲಿ ಡ್ಯೂಯಿಸ್‌ಗೆ ಬಂದ ಆ ಕರೆಯ ಮಾತೇ ಅದು. ಕಂಪನಿ ಮಾಡಿದ ಸ್ಮರಣೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು.

ನೀವು ಎಂದಾದರೂ ಇಂಗ್ಲೆಂಡಿಗೆ ಹೋದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ತಪ್ಪಿಸಬೇಡಿ. ಮತ್ತೆ ಕಟ್ಟಿದ ಎಕ್ಸ್‌ಜೆ13 ಅಲ್ಲಿನ ಸಂಗ್ರಹದಲ್ಲಿದೆ. ಅದಕ್ಕೂ ಮುಂಚೆ ಡ್ಯೂಯಿಸ್ ಅವರ ಸಂದರ್ಶನಗಳಲ್ಲಿ ಒಂದನ್ನಾದರೂ ಪೂರ್ತಿ ನೋಡಿ. ವೇಗದ ಭಾಗ ಬಿಟ್ಟರೂ ಪರವಾಗಿಲ್ಲ, ಬ್ರೇಕಿನ ಮಾತು ಬಂದಲ್ಲಿ ಬಿಡಬೇಡಿ.