ಈ ವರ್ಷ ಸಿಕ್ಕ ಆಲ್ಬಂಗಳಲ್ಲಿ ಇಷ್ಟವಾದ ಹತ್ತನ್ನು ಹೇಗೆ ಆರಿಸಲಿ?

140 ಆಲ್ಬಂ ಕೇಳಿದ್ದೀರಿ, ಹತ್ತು ಆರಿಸಿ ಗೆಳೆಯರಿಗೆ ಕಳಿಸಬೇಕು, ಹಳೆಯ ಆಲ್ಬಂ ಸೇರಿಸಿದರೆ ತಪ್ಪಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನಗೆ 2019ರ ಡಿಸೆಂಬರ್ ನೆನಪಾಯಿತು. ನಾನೂ ಹೀಗೇ ಕೂತಿದ್ದೆ. ನನ್ನ ಪಟ್ಟಿಯಲ್ಲಿ 112 ಆಲ್ಬಂ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ.

ಆ ಪಟ್ಟಿಯಲ್ಲಿ 1967ರ ‘ಕಾಲ್ ಆಫ್ ದ ವ್ಯಾಲಿ’ ಇತ್ತು. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಅದನ್ನು ಕಳಿಸಿದವನು ನನ್ನ ಹಳೆಯ ಗೆಳೆಯ. ತಿಂಗಳಿಗೊಂದು ಆಲ್ಬಂ ಕಳಿಸುತ್ತಿದ್ದ, ಜೊತೆಗೆ ಒಂದು ಮಾತೂ ಬರೆಯುತ್ತಿರಲಿಲ್ಲ. ನಾನು ಹತ್ತಕ್ಕೆ ಐದು ಕೊಟ್ಟೆ. “ನುಡಿಸಿದ್ದು ಚೆನ್ನಾಗಿದೆ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ” ಅಂತ ಬರೆದೆ. ಪಟ್ಟಿಯನ್ನು ಎಲ್ಲರಿಗೂ ಕಳಿಸಿದೆ. ಅವನಿಗೂ ಹೋಯಿತು.

ಅವನು ಫೋನ್ ಮಾಡಿದ. “ಕೊನೆಗೆ ಏನು ಬಂತು ನಿಂಗೆ?”

“ಅಹೀರ್ ಭೈರವ್.”

ಸ್ವಲ್ಪ ಹೊತ್ತು ಮಾತೇ ಇಲ್ಲ. “ಅದು ಬೆಳಗಿನ ರಾಗ ಕಣೋ. ಶುರುವಾಗೋದೇ ಅದರಿಂದ.”

ಆಗ ಫೋನ್ ನೋಡಿದೆ. ಪ್ಲೇ ಬಟನ್ ಪಕ್ಕದಲ್ಲಿ ಎರಡು ಬಾಣ ಹೆಣೆದುಕೊಂಡ ಚಿಕ್ಕ ಗುರುತು ಇರುತ್ತಲ್ವಾ, ಅದು ಹಸಿರಾಗಿತ್ತು. ಶಫಲ್ ಆನ್, ಅಂದರೆ ಆಲ್ಬಂನ ಟ್ರ್ಯಾಕ್‌ಗಳನ್ನು ಕ್ರಮ ಕಲಸಿ ಹಾಕುವ ಬಟನ್. ಯಾವತ್ತೋ ವಾಕಿಂಗ್ ಹೋಗುವಾಗ ಒತ್ತಿದ್ದು ಹಾಗೇ ಉಳಿದುಬಿಟ್ಟಿತ್ತು.

ಆ ಆಲ್ಬಂ ಕಾಶ್ಮೀರದ ಕಣಿವೆಯಲ್ಲಿ ಕುರಿ ಕಾಯುವವನೊಬ್ಬನ ಒಂದು ದಿನ. ಬೆಳಗಿಗೆ ಅಹೀರ್ ಭೈರವ್ ಮತ್ತು ನಟ್ ಭೈರವ್, ಆಮೇಲೆ ಪೀಲೂ, ಸಂಜೆಗೆ ಭೂಪ್, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ಹೊತ್ತು ಏರಿ ಇಳಿಯುವುದೇ ಅದರ ಕಥೆ. ನನ್ನ ಕಿವಿಯಲ್ಲಿ ಮೊದಲು ರಾತ್ರಿಯಾಗಿತ್ತು, ಆಮೇಲೆ ಸಂಜೆಯಾಗಿತ್ತು, ಕಟ್ಟಕಡೆಗೆ ಬೆಳಗಾಗಿತ್ತು. ಸಂಬಂಧ ಇಲ್ಲ ಅಂತ ಬರೆದವನು ನಾನು. ಸಂಬಂಧ ಕಡಿದವನೂ ನಾನೇ.

ಅದೊಂದೇ ಆಗಿದ್ದರೆ ಸುಮ್ನಿರುತ್ತಿದ್ದೆ. ಆ ವರ್ಷದ 112ರಲ್ಲಿ ಎಷ್ಟು ಹೀಗೆ ಕೆಟ್ಟವು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಂ’ಗೆ ಆರು ಕೊಟ್ಟಿದ್ದೆ. 1964ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಆದದ್ದು, ನಾಲ್ಕೇ ಭಾಗ, 33 ನಿಮಿಷ. ಕೊನೆಯ ಭಾಗದಲ್ಲಿ ಅವರು ತಾವೇ ಬರೆದ ಪ್ರಾರ್ಥನೆಯನ್ನು ಸ್ಯಾಕ್ಸೊಫೋನಿನಲ್ಲಿ ಮಾತು ಮಾತಾಗಿ ನುಡಿಸುತ್ತಾರೆ. ಮೊದಲ ಮೂರು ಭಾಗ ದಾಟಿ ಬಂದವರಿಗೆ ಅಲ್ಲಿ ಎದೆ ತುಂಬಿ ಬರುತ್ತದೆ. ನನಗೆ ಅದು ಎಲ್ಲೋ ನಡುವೆ ಬಂದು ಹೋಗಿತ್ತು.

ಮತ್ತೆ ಮತ್ತೆ ಯೋಚಿಸಿದ ಮೇಲೆ ಇನ್ನೊಂದು ಹೊಳೆಯಿತು. ಶಫಲ್‌ನಲ್ಲಿ ಒಂದೇ ಆಲ್ಬಂ ಎರಡನೇ ಸಲ ಹಾಕಿದ್ದರೆ ಕ್ರಮ ಬದಲಾಗುತ್ತಿತ್ತು. ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಇಡೀ ವರ್ಷ ನನಗೆ ಗೊತ್ತಾಗಲಿಲ್ಲ ಅಂದರೆ ಏನರ್ಥ? ಬಹುತೇಕ ಯಾವುದನ್ನೂ ಎರಡನೇ ಸಲ ಕೇಳಿರಲಿಲ್ಲ. ಮೂರು ದಿನಕ್ಕೊಂದರ ಲೆಕ್ಕದಲ್ಲಿ ಮುಗಿಸುತ್ತಾ, ಅಂಕ ಹಾಕುತ್ತಾ ಹೋಗಿದ್ದೆ. ಗೆಳೆಯ ಜಗಳ ಆಡಲಿಲ್ಲ. ಆದರೆ ಎರಡು ವರ್ಷ ಅವನಿಂದ ಒಂದು ಆಲ್ಬಂ ಕೂಡ ಬರಲಿಲ್ಲ. ಆ ಪಟ್ಟಿಗೆ ನಾನು ತೆತ್ತ ಬೆಲೆ ಅದು, ತುಂಬಾ ಜಾಸ್ತಿ ಆಯಿತು.

ಹಾಗಾಗಿ ಹತ್ತು ಬೇಡ. ಮೂರು ಸಾಕು, ಒಂದಾದರೂ ಸಾಕು. ಅಂಕ, ಮೊದಲ ಸ್ಥಾನ, ಎರಡನೇ ಸ್ಥಾನ ಎಲ್ಲ ಬಿಡಿ. ಫೋನ್ ಮಗುಚಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಆಲ್ಬಂ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಅಂತ ನೆನಪಿನಿಂದ ಬರೆಯಿರಿ. ಬರೆಯಲು ಆಗದಿದ್ದನ್ನು ಯಾರಿಗೂ ಕಳಿಸಬೇಡಿ, ಇನ್ನೊಮ್ಮೆ ಕೇಳಿ. 140ರಲ್ಲಿ ಎಷ್ಟು ಉಳಿಯುತ್ತವೆ ನೋಡಿ.

ಹಳೆಯದು ಸೇರಿಸಬಹುದಾ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಿಮಗೆ ಸಿಕ್ಕಿದ್ದು ಈ ವರ್ಷ ತಾನೇ? ಅಷ್ಟೇ ಲೆಕ್ಕ. ಈ ಸಲ ನಾನು ಕಳಿಸುತ್ತಿರುವುದು ಒಂದೇ, ಅದೂ 1993ರದ್ದು. ವಿಶ್ವ ಮೋಹನ್ ಭಟ್ ಮತ್ತು ರೈ ಕೂಡರ್ ಅವರ ‘ಎ ಮೀಟಿಂಗ್ ಬೈ ದ ರಿವರ್’. ನಾಲ್ಕೇ ಟ್ರ್ಯಾಕ್, 40 ನಿಮಿಷದ ಆಸುಪಾಸು. ಒಬ್ಬರದು ಮೋಹನ ವೀಣೆ, ಅಂದರೆ ಗಿಟಾರನ್ನೇ ಮಾರ್ಪಡಿಸಿ ಹೆಚ್ಚು ತಂತಿ ಸೇರಿಸಿದ ವಾದ್ಯ, ಇನ್ನೊಬ್ಬರದು ಗಿಟಾರ್. ಇಬ್ಬರೂ ತಂತಿಯ ಮೇಲೆ ಜಾರಿಸಿಯೇ ನುಡಿಸುತ್ತಾರೆ. ಮೊದಲ ಸಲ ಯಾವುದು ಯಾರದು ಅಂತ ನನಗೆ ತಿಳಿಯಲೇ ಇಲ್ಲ. ಮೂರನೇ ಸಲ ಒಂದು ಸ್ವರ ನಿಂತ ಮೇಲೆ ಅದರ ಹಿಂದೆ ಸಣ್ಣಗೆ ಗುಂಯ್ ಅನ್ನುವ ತರಬ್ ತಂತಿಗಳು, ಅಂದರೆ ಮೀಟದೆಯೇ ತಾವಾಗಿ ಮಿಡಿಯುವ ತಂತಿಗಳು ಕೇಳಿಸಿದವು. ಅದು ಮೋಹನ ವೀಣೆ. ಆಮೇಲೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆಯಾಗಿ ಕೇಳತೊಡಗಿತು. ಇದನ್ನು ನನ್ನ ಗೆಳೆಯನಿಗೆ ಕಳಿಸಿದ್ದೇನೆ, ಆ ತಂತಿಯ ವಿಷಯ ಒಂದೇ ಸಾಲು ಬರೆದು.

ನಿಮ್ಮ 140ರಲ್ಲಿ ಮೂರು ಸಲ ಪೂರ್ತಿ ಕೇಳಿದ್ದು ಯಾವುದಾದರೂ ಇದ್ದರೆ ಹೆಸರು ಇಲ್ಲೇ ಬರೆಯಿರಿ. ಈ ವಾರವೇ ಕೇಳುತ್ತೇನೆ, ಮೊದಲಿನಿಂದ ಕೊನೆಯವರೆಗೆ.